ಸಿಪ್ಯಾಪ್ ಯಂತ್ರ, ವಿಮೆ ಮತ್ತು ಸಪ್ಲೈಯರ್: ಅಮೆರಿಕದ ವ್ಯವಸ್ಥೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಂಡು ಉಸಿರು ನಿಂತು ನಿಂತು ಬರುವ ಸ್ಲೀಪ್ ಅಪ್ನಿಯಾಕ್ಕೆ, ಮಾಸ್ಕ್ ಮೂಲಕ ಗಾಳಿ ಊದಿ ಆ ದಾರಿಯನ್ನು ತೆರೆದಿಡುವ ಸಿಪ್ಯಾಪ್ ಯಂತ್ರ ಬೇಕೆಂದು ಬರೆದುಕೊಡಲು ವೈದ್ಯರಿಗೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಆ ಯಂತ್ರ ಮನೆ ಸೇರಿ, ವಿಮೆಯವರು ಅದರ ಬಾಡಿಗೆ ಕಟ್ಟಿ, ಕೊನೆಗೆ ಅದು ನಮ್ಮ ಸ್ವಂತದ್ದಾಗುವಷ್ಟರಲ್ಲಿ ಮಾತ್ರ ವರ್ಷ ದಾಟಿರುತ್ತದೆ. ಅಮೆರಿಕದಲ್ಲಿ ಈ ಕೆಲಸ ವೈದ್ಯರು, ಸಲಕರಣೆಯ ಸಪ್ಲೈಯರ್ ಮತ್ತು ವಿಮಾ ಕಂಪನಿ ಎಂಬ ಮೂವರ ಕೈ ದಾಟಬೇಕು. ಕಾಗದವನ್ನು ಇನ್ನೊಬ್ಬರು ಕಳಿಸಿರುತ್ತಾರೆ ಎಂದು ಮೂವರೂ ಅಂದುಕೊಂಡು ಕೂತಿರುವುದು ಸಾಮಾನ್ಯ. ನನ್ನ ತಾಯಿಯವರ ಯಂತ್ರದ ಕಾಗದಪತ್ರಗಳನ್ನು ಮೊದಲಿನಿಂದ ನಾನೇ ನೋಡಿಕೊಂಡಿದ್ದರಿಂದ, ಈ ಮೂವರ ಕಾಗದಗಳನ್ನೂ ಒಟ್ಟಿಗೆ ನೋಡಬಲ್ಲವರು ರೋಗಿ ಮತ್ತು ಮನೆಯವರು ಮಾತ್ರ ಎಂಬುದು ನನಗೆ ಸ್ವಲ್ಪ ತಡವಾಗಿಯೇ ಅರ್ಥವಾಯಿತು. ಕೆಳಗಿನ ಉತ್ತರಗಳಿಗೆ, ಮುಖ್ಯವಾಗಿ ಹಿರಿಯರಿಗಾಗಿ ಇರುವ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ನಿಯಮಗಳನ್ನು ಆಧಾರವಾಗಿ ಇಟ್ಟುಕೊಂಡಿದ್ದೇನೆ. ಖಾಸಗಿ ಕಂಪನಿಗಳು ಅನೇಕ ವಿಷಯಗಳಲ್ಲಿ ಅವನ್ನೇ ಹೋಲುವ ನಿಯಮಗಳನ್ನು ಇಟ್ಟುಕೊಂಡಿದ್ದರೂ ವಿವರಗಳಲ್ಲಿ ವ್ಯತ್ಯಾಸವಿರುತ್ತದೆ. ಆದ್ದರಿಂದ ನಿಮ್ಮ ಪಾಲಿಸಿಯ ಮಾತೇ ಅಂತಿಮ.

ಮೊದಲು ಏನು ಮಾಡಬೇಕು: ನಿದ್ರಾ ಪರೀಕ್ಷೆಯೋ, ವೈದ್ಯರ ಭೇಟಿಯೋ?

ವೈದ್ಯರ ಭೇಟಿಯೇ ಮೊದಲು, ಮತ್ತು ಈ ಕ್ರಮ ತಪ್ಪಬಾರದು. ಪರೀಕ್ಷೆಗೆ ಮುಂಚೆ ವೈದ್ಯರು ರೋಗಿಯನ್ನು ಮುಖತಃ ನೋಡಿ, ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಹಗಲಿನ ತೂಕಡಿಕೆ, ರಕ್ತದೊತ್ತಡ ಮುಂತಾದವನ್ನು ಕೇಳಿ, ಅಪ್ನಿಯಾ ಇರಬಹುದೆಂಬ ತಮ್ಮ ಅನುಮಾನವನ್ನು ದಾಖಲೆಯಲ್ಲಿ ಬರೆದಿರಬೇಕು ಎಂದು ಮೆಡಿಕೇರ್ ಕೇಳುತ್ತದೆ. ಪರೀಕ್ಷೆ ಮುಗಿದ ಮೇಲೆ ಈ ಟಿಪ್ಪಣಿ ಇಲ್ಲವೆಂದು ಗೊತ್ತಾದರೆ ಮುಂದಿನ ಎಲ್ಲ ಕಾಗದವೂ ಅಲುಗಾಡುತ್ತದೆ. ಮನೆಯವರು ರಾತ್ರಿ ಕಂಡದ್ದನ್ನು ವೈದ್ಯರ ಎದುರಲ್ಲೇ ಹೇಳುವುದು ಒಳ್ಳೆಯದು, ಏಕೆಂದರೆ ಗೊರಕೆ ಹೊಡೆಯುವವರಿಗೆ ಅದು ಗೊತ್ತಿರುವುದಿಲ್ಲ.

ವರದಿಯಲ್ಲಿರುವ ಎಎಚ್‌ಐ ಅಂಕಿ ಎಷ್ಟಿದ್ದರೆ ವಿಮೆ ಒಪ್ಪುತ್ತದೆ?

ಗಂಟೆಗೆ ಸರಾಸರಿ ಎಷ್ಟು ಬಾರಿ ಉಸಿರು ಪೂರ್ತಿ ನಿಂತಿತು ಅಥವಾ ಕ್ಷೀಣಿಸಿತು ಎಂಬ ಲೆಕ್ಕವೇ ಎಎಚ್‌ಐ. ಕನಿಷ್ಠ 10 ಸೆಕೆಂಡು ನಡೆದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಅಂಕಿ 15 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೆಡಿಕೇರ್ ಬೇರೆ ಕಾರಣ ಕೇಳುವುದಿಲ್ಲ. 5ರಿಂದ 14ರ ನಡುವೆ ಇದ್ದರೆ ಹಗಲಿನ ಅತಿಯಾದ ತೂಕಡಿಕೆ, ಮರೆವು, ಮನಸ್ಥಿತಿಯ ಏರುಪೇರು, ನಿದ್ರಾಹೀನತೆ, ಅಧಿಕ ರಕ್ತದೊತ್ತಡ, ಹೃದಯಕ್ಕೆ ರಕ್ತ ಪೂರೈಕೆಯ ತೊಂದರೆ, ಹಿಂದೆ ಆಗಿದ್ದ ಪಾರ್ಶ್ವವಾಯು ಇವುಗಳಲ್ಲಿ ಒಂದಾದರೂ ದಾಖಲೆಯಲ್ಲಿ ಇರಬೇಕು. ಅಮ್ಮನಿಗೆ ಹತ್ತು ವರ್ಷದಿಂದ ಬಿಪಿ ಮಾತ್ರೆ ನಡೆಯುತ್ತಿದೆ ಎಂಬುದು ನಮಗೆ ಗೊತ್ತಿದ್ದರೆ ಸಾಲದು, ನಿದ್ರಾ ತಜ್ಞರ ಟಿಪ್ಪಣಿಯಲ್ಲಿ ಅದು ಕಾಣಬೇಕು.

ಇಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಸೂಕ್ಷ್ಮವೊಂದಿದೆ. ಉಸಿರು ಕ್ಷೀಣಿಸಿದ್ದನ್ನು ಎಣಿಸುವಾಗ ಮೆಡಿಕೇರ್ ರಕ್ತದ ಆಮ್ಲಜನಕ ಶೇ. 4ರಷ್ಟಾದರೂ ಇಳಿದಿರಬೇಕು ಎನ್ನುತ್ತದೆ. ನಿದ್ರಾ ವೈದ್ಯರ ಅಮೆರಿಕನ್ ಅಕಾಡೆಮಿ ಶಿಫಾರಸು ಮಾಡುವ ಎಣಿಕೆಯಲ್ಲಿ ಶೇ. 3 ಇಳಿದರೂ, ಅಥವಾ ಆ ಗಳಿಗೆಯಲ್ಲಿ ಮಿದುಳು ಅರೆ ಎಚ್ಚರಗೊಂಡರೂ ಸಾಕು. ಹೀಗಾಗಿ ಒಂದೇ ರಾತ್ರಿಯ ಒಂದೇ ದಾಖಲೆಯಿಂದ ಎರಡು ಅಂಕಿಗಳು ಹೊರಡಬಹುದು, ಮತ್ತು ಒಂದು ಮಿತಿಯ ಮೇಲೆ, ಇನ್ನೊಂದು ಕೆಳಗೆ ಇರಬಹುದು. ನಿಮ್ಮ ಅಂಕಿ ಮಿತಿಯ ಅಂಚಿನಲ್ಲಿದ್ದರೆ, ಅದು ಯಾವ ಎಣಿಕೆಯದು ಮತ್ತು ನಿಮ್ಮ ವಿಮೆ ಯಾವುದನ್ನು ಒಪ್ಪುತ್ತದೆ ಎಂದು ಕೇಳಿಯೇ ಮುಂದುವರಿಯಿರಿ.

ಮನೆಯಲ್ಲೇ ಮಾಡುವ ಪರೀಕ್ಷೆ ನಡೆಯುತ್ತದೆಯೇ?

ನಡೆಯುತ್ತದೆ. ಮೆಡಿಕೇರ್ 2008ರಿಂದ ಮನೆ ಪರೀಕ್ಷೆಯನ್ನು ಒಪ್ಪುತ್ತಿದೆ. ಅನೇಕ ಖಾಸಗಿ ಕಂಪನಿಗಳು ಮೊದಲು ಅದನ್ನೇ ಮಾಡಿಸಿ ಎನ್ನುತ್ತವೆ. ಆದರೆ ಮನೆ ಪರೀಕ್ಷೆಯ ಅನೇಕ ಉಪಕರಣಗಳು ನಿದ್ದೆಯನ್ನೇ ಅಳೆಯುವುದಿಲ್ಲ, ಉಪಕರಣ ಓಡಿದ ಒಟ್ಟು ಹೊತ್ತಿನಿಂದ ಭಾಗಿಸುತ್ತವೆ. ಅರ್ಧ ರಾತ್ರಿ ಎಚ್ಚರವಿದ್ದವರ ಅಂಕಿ ನಿಜಕ್ಕಿಂತ ಕಡಿಮೆ ಬರುವುದು ಇದರಿಂದಲೇ. ಮನೆ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ, ತೊಂದರೆ ಮಾತ್ರ ಹಾಗೇ ಇದೆ ಎಂದಾದರೆ ಪ್ರಯೋಗಾಲಯದ ಪರೀಕ್ಷೆಯನ್ನು ಕೇಳುವುದು ನ್ಯಾಯವೇ. ಇನ್ನೊಂದು ಮಾತು: ಯಂತ್ರ ಮಾರುವ ಸಪ್ಲೈಯರ್ ಈ ಪರೀಕ್ಷೆಯನ್ನು ನಡೆಸುವಂತಿಲ್ಲ. ಪರೀಕ್ಷೆಯ ಉಪಕರಣವನ್ನು ತಲುಪಿಸುವುದಕ್ಕೂ ಮೆಡಿಕೇರ್ ಅವರಿಗೆ ಅವಕಾಶ ಕೊಟ್ಟಿಲ್ಲ. ಎರಡನ್ನೂ ನಾವೇ ಮಾಡಿಕೊಡುತ್ತೇವೆ ಎನ್ನುವವರು ಸಿಕ್ಕರೆ ಎಚ್ಚರವಿರಲಿ.

ವೈದ್ಯರ ಆದೇಶದಲ್ಲಿ ಏನೇನು ಬರೆಸಿಕೊಳ್ಳಬೇಕು?

ಹೆಸರು, ದಿನಾಂಕ, ಸಹಿ ಎಲ್ಲವೂ ಇದ್ದೇ ಇರುತ್ತದೆ. ನೋಡಬೇಕಾದದ್ದು ಯಂತ್ರದ ವಿವರಣೆಯನ್ನು. ಇಡೀ ರಾತ್ರಿ ಒಂದೇ ಒತ್ತಡದಲ್ಲಿ ಗಾಳಿ ಊದುವ ಸಾದಾ ಸಿಪ್ಯಾಪ್, ಉಸಿರಾಟಕ್ಕೆ ತಕ್ಕಂತೆ ಒತ್ತಡವನ್ನು ತಾನೇ ಏರಿಳಿಸಿಕೊಳ್ಳುವ ಆಟೋ ಸಿಪ್ಯಾಪ್, ಇವೆರಡೂ ವಿಮೆಯ ಬಿಲ್ಲಿನಲ್ಲಿ ಇ0601 ಎಂಬ ಒಂದೇ ಸಂಕೇತದಡಿ ಬರುತ್ತವೆ. ಎಂದರೆ ಯಾವುದನ್ನು ಕೊಟ್ಟರೂ ಸಪ್ಲೈಯರ್‌ಗೆ ಸಿಗುವ ಹಣ ಅಷ್ಟೇ. ಅಗ್ಗದ ಮಾದರಿಯನ್ನು ದಾಟಿಸುವ ಆಸೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆಟೋ ಬೇಕೆಂದು ವೈದ್ಯರಿಗೆ ಅನಿಸಿದರೆ ಆ ಮಾತನ್ನೂ, ಕನಿಷ್ಠ ಮತ್ತು ಗರಿಷ್ಠ ಒತ್ತಡವನ್ನೂ, ಗಾಳಿಗೆ ತೇವ ಸೇರಿಸುವ ಬಿಸಿ ಹ್ಯೂಮಿಡಿಫೈಯರ್ ಬೇಕೆಂಬುದನ್ನೂ ಆದೇಶದಲ್ಲೇ ಸ್ಪಷ್ಟವಾಗಿ ಬರೆಸಿಕೊಳ್ಳಿ. ನಿರ್ದಿಷ್ಟ ಮಾದರಿಯ ಹೆಸರನ್ನೂ ಅವರು ಬರೆಯಬಹುದು. ಮಾಸ್ಕ್ ಬಗ್ಗೆ ಮಾತ್ರ ‘ರೋಗಿಗೆ ಹೊಂದುವ ಯಾವುದೇ ಮಾಸ್ಕ್’ ಎಂದು ಬರೆಸಿದರೆ ಒಳ್ಳೆಯದು. ಇಲ್ಲದಿದ್ದರೆ ಮಾಸ್ಕ್ ಬದಲಿಸುವಾಗ ಹೊಸ ಆದೇಶಕ್ಕಾಗಿ ಕಾಯುವ ಪ್ರಸಂಗ ಬರಬಹುದು.

ಸಪ್ಲೈಯರ್ ಅನ್ನು ನಾನೇ ಆರಿಸಿಕೊಳ್ಳಬಹುದೇ?

ಖಂಡಿತ. ವೈದ್ಯರ ಕಚೇರಿ ತನಗೆ ಅಭ್ಯಾಸವಿರುವ ಸಪ್ಲೈಯರ್‌ಗೆ ಆದೇಶವನ್ನು ಕಳಿಸಿಬಿಡುತ್ತದೆ, ಆಮೇಲೆ ಅವರು ನಿಮ್ಮ ವಿಮೆಯೊಂದಿಗೆ ಒಪ್ಪಂದವಿರುವವರ ಪಟ್ಟಿಯಾದ ನೆಟ್‌ವರ್ಕ್‌ನಲ್ಲೇ ಇಲ್ಲವೆಂದು ತಿಳಿಯುತ್ತದೆ. ಆದ್ದರಿಂದ ವಿಮಾ ಕಂಪನಿಯಿಂದಲೇ ನೆಟ್‌ವರ್ಕ್‌ನಲ್ಲಿರುವವರ ಪಟ್ಟಿಯನ್ನು ತೆಗೆದುಕೊಂಡು, ಇಬ್ಬರು ಮೂವರಿಗೆ ಫೋನ್ ಮಾಡಿ, ನಂತರ ವೈದ್ಯರ ಕಚೇರಿಗೆ ಹೆಸರು ಹೇಳಿ. ಮೆಡಿಕೇರ್ ಇರುವವರು ‘ನೀವು ಅಸೈನ್‌ಮೆಂಟ್ ಒಪ್ಪುತ್ತೀರಾ’ ಎಂದು ಅದೇ ಪದದಲ್ಲಿ ಕೇಳಬೇಕು. ಮೆಡಿಕೇರ್ ನಿಗದಿ ಮಾಡಿದ ಮೊತ್ತವನ್ನೇ ಪೂರ್ತಿ ಬೆಲೆಯೆಂದು ಒಪ್ಪಿಕೊಳ್ಳುವುದಕ್ಕೆ ಆ ಹೆಸರು. ಒಪ್ಪದವರು ಅದಕ್ಕಿಂತ ಹೆಚ್ಚು ಕೇಳಬಹುದು.

ಫೋನಿನಲ್ಲಿ ನಾನು ಕೇಳುವ ಉಳಿದ ಪ್ರಶ್ನೆಗಳೆಂದರೆ, ಯಾವ ಮಾದರಿ ಕೊಡುತ್ತೀರಿ, ಮಾಸ್ಕ್ ಹೊಂದದಿದ್ದರೆ ಎಷ್ಟು ದಿನದೊಳಗೆ ಬದಲಿಸಿಕೊಡುತ್ತೀರಿ, ಮಾಸ್ಕ್ ಅಳತೆ ನೋಡಲು ಮನುಷ್ಯರು ಸಿಗುತ್ತಾರೋ ಅಥವಾ ಪೆಟ್ಟಿಗೆ ಅಂಚೆಯಲ್ಲಿ ಬರುತ್ತದೋ, ಮತ್ತು ತಿಂಗಳಿಗೆ ನಮ್ಮ ಪಾಲು ಎಷ್ಟು ಎಂಬುದನ್ನು ಬರವಣಿಗೆಯಲ್ಲಿ ಕೊಡುತ್ತೀರೋ. ಕೊನೆಯ ಪ್ರಶ್ನೆಗೆ ‘ವಿಮೆ ಎಲ್ಲ ನೋಡಿಕೊಳ್ಳುತ್ತದೆ’ ಎಂಬ ಉತ್ತರ ಬಂದರೆ ಅಲ್ಲಿಗೇ ಫೋನ್ ಇಡುವುದು ವಾಸಿ. ನಮಗೆ ಹಾಗೆ ಹೇಳಿದ ಸಪ್ಲೈಯರ್ ಒಬ್ಬರಿಂದ ನಾಲ್ಕನೇ ತಿಂಗಳಲ್ಲಿ ಮೂರು ತಿಂಗಳ ಬಾಕಿ ಒಟ್ಟಿಗೆ ಬಂದಿತ್ತು.

ಯಂತ್ರವನ್ನು ಒಂದೇ ಸಲ ಕೊಳ್ಳುವ ಬದಲು ಬಾಡಿಗೆ ಏಕೆ?

ತಂದ ಯಂತ್ರವನ್ನು ಬೀರುವಿನಲ್ಲಿಟ್ಟು ಮರೆಯುವವರು ಬಹಳ. ಬಳಸದ ಯಂತ್ರಕ್ಕೆ ಪೂರ್ತಿ ಹಣ ಕೊಡಲು ವಿಮೆಗೆ ಮನಸ್ಸಿಲ್ಲ. ಮೆಡಿಕೇರ್‌ನಲ್ಲಿ ಸತತ 13 ತಿಂಗಳು ಬಾಡಿಗೆ ಕಟ್ಟಿದ ಮೇಲೆ ಯಂತ್ರ ರೋಗಿಯ ಸ್ವಂತದ್ದಾಗುತ್ತದೆ. ಮೆಡಿಕೇರ್‌ನಲ್ಲಿ ಇಂಥ ಸಲಕರಣೆಗಳನ್ನು ನೋಡಿಕೊಳ್ಳುವ ಭಾಗ ಬಿಯ ಡಿಡಕ್ಟಿಬಲ್ (ವಿಮೆ ಕೊಡಲು ಶುರು ಮಾಡುವ ಮೊದಲು ಪ್ರತಿ ವರ್ಷ ನಾವೇ ಕಟ್ಟಬೇಕಾದ ಮೊತ್ತ) ಮುಗಿದ ನಂತರ, ಒಪ್ಪಿತ ಮೊತ್ತದಲ್ಲಿ ಶೇ. 20 ರೋಗಿಯ ಪಾಲು. ಖಾಸಗಿ ವಿಮೆಗಳಲ್ಲಿ ಕೆಲವು 10 ತಿಂಗಳ ಬಾಡಿಗೆ ಇಡುತ್ತವೆ, ಕೆಲವು ನೇರವಾಗಿ ಕೊಂಡುಕೊಡುತ್ತವೆ. ಬಾಡಿಗೆ ನಡೆಯುವಾಗ ಯಂತ್ರ ಕೆಟ್ಟರೆ ಸರಿಪಡಿಸುವ ಹೊಣೆ ಸಪ್ಲೈಯರ್‌ನದು.

ಹದಿಮೂರು ತಿಂಗಳೆಂದರೆ ಒಂದು ವರ್ಷಕ್ಕಿಂತ ಹೆಚ್ಚು. ಯಾವ ತಿಂಗಳಲ್ಲಿ ಶುರು ಮಾಡಿದರೂ ನಡುವೆ ಒಂದು ಜನವರಿ ಬಂದೇ ಬರುತ್ತದೆ, ಮೆಡಿಕೇರ್‌ನ ಡಿಡಕ್ಟಿಬಲ್ ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ. ಡಿಸೆಂಬರಿನಲ್ಲಿ ಚಿಕ್ಕದಾಗಿದ್ದ ಬಿಲ್ಲು ಜನವರಿಯಲ್ಲಿ ದೊಡ್ಡದಾಗಿ ಬಂದಾಗ ಸಪ್ಲೈಯರ್ ಮೋಸ ಮಾಡಿದರೆಂದು ಸಿಟ್ಟಾಗುವ ಮೊದಲು ಇದನ್ನು ನೋಡಿಕೊಳ್ಳಿ.

ರಾತ್ರಿಗೆ ನಾಲ್ಕು ಗಂಟೆಯ ನಿಯಮ ಎಂದರೇನು?

ಇಡೀ ವ್ಯವಹಾರದಲ್ಲಿ ಜನ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲ 12 ವಾರಗಳನ್ನು ಮೆಡಿಕೇರ್ ಪರೀಕ್ಷಾ ಅವಧಿ ಎಂದು ಕರೆಯುತ್ತದೆ. ಮೊದಲ ಮೂರು ತಿಂಗಳೊಳಗೆ ಯಾವುದಾದರೂ ಸತತ 30 ದಿನಗಳಲ್ಲಿ, ಶೇ. 70ರಷ್ಟು ರಾತ್ರಿ, ಎಂದರೆ 21 ರಾತ್ರಿ, ಯಂತ್ರವನ್ನು 4 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಬಳಸಿರಬೇಕು. ಇದರ ಜೊತೆಗೆ 31ನೇ ದಿನದಿಂದ 91ನೇ ದಿನದೊಳಗೆ ವೈದ್ಯರು ಮತ್ತೊಮ್ಮೆ ನೋಡಿ, ತೊಂದರೆ ಕಡಿಮೆಯಾಗಿದೆ ಎಂದು ಬರೆಯಬೇಕು ಮತ್ತು ಬಳಕೆಯ ವರದಿಯನ್ನು ಪರಿಶೀಲಿಸಿರಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ನಾಲ್ಕನೇ ತಿಂಗಳಿಂದ ಮೆಡಿಕೇರ್ ಬಾಡಿಗೆ ಕಟ್ಟುವುದನ್ನು ನಿಲ್ಲಿಸುತ್ತದೆ.

ನಿಯಮದಲ್ಲಿ ‘ಯಾವುದಾದರೂ’ ಸತತ 30 ದಿನ ಎಂದಿರುವುದು ರೋಗಿಗೆ ಅನುಕೂಲ. ಮೊದಲ ಎರಡು ವಾರ ಮಾಸ್ಕ್ ಜೊತೆ ಗುದ್ದಾಡಿದ್ದೇ ಆಯಿತು ಎಂದುಕೊಳ್ಳಿ, 40ನೇ ದಿನದಿಂದ 69ನೇ ದಿನದವರೆಗಿನ ಲೆಕ್ಕ ಸರಿಯಿದ್ದರೆ ಸಾಕು. ಯಂತ್ರದೊಳಗಿನ ಮೋಡೆಮ್ ಪ್ರತಿದಿನ ಬಳಕೆಯ ಗಂಟೆಗಳನ್ನು ಕಳಿಸುತ್ತದೆ; ಅದೇ ಲೆಕ್ಕ ಮೊಬೈಲ್ ಆ್ಯಪಿನಲ್ಲಿ ನಿಮಗೂ ಕಾಣುತ್ತದೆ. ಯಂತ್ರ ಆನ್ ಆಗಿದ್ದರೆ ಸಾಲದು, ಮುಖಕ್ಕೆ ಮಾಸ್ಕ್ ಇದ್ದು ಉಸಿರಾಡುತ್ತಿರುವುದು ಯಂತ್ರಕ್ಕೆ ಗೊತ್ತಾಗುತ್ತದೆ.

ನನ್ನ ತಾಯಿಯವರ ಲೆಕ್ಕ ಮೊದಲ ತಿಂಗಳು ಎರಡೂಮುಕ್ಕಾಲು ಗಂಟೆ, ಮೂರು ಗಂಟೆ ಎಂದೇ ಬರುತ್ತಿತ್ತು. ರಾತ್ರಿಯೆಲ್ಲ ಹಾಕಿಕೊಂಡೇ ಇದ್ದೆ ಎಂದು ಅವರು, ಇಲ್ಲ ಎಂದು ಆ್ಯಪು. ಒಂದು ರಾತ್ರಿ ಎದ್ದು ನೋಡಿದಾಗ ಕಾರಣ ತಿಳಿಯಿತು. ಒಂದೂವರೆ ಸುಮಾರಿಗೆ ಬಾತ್‌ರೂಮಿಗೆ ಹೋಗಲು ಪಟ್ಟಿಗಳನ್ನೆಲ್ಲ ಬಿಚ್ಚಿ ಮಾಸ್ಕ್ ತೆಗೆದಿಡುತ್ತಿದ್ದರು, ವಾಪಸ್ಸು ಬಂದು ಕತ್ತಲಲ್ಲಿ ಅದನ್ನು ಮತ್ತೆ ಕಟ್ಟಿಕೊಳ್ಳಲು ಬೇಜಾರಾಗಿ ಹಾಗೇ ಮಲಗುತ್ತಿದ್ದರು. ಮಾಸ್ಕಿನ ಮೂತಿಗೆ ಟ್ಯೂಬ್ ಸೇರುವ ಜಾಗದಲ್ಲಿ ಎರಡು ಪುಟ್ಟ ಗುಂಡಿಗಳಿವೆ. ಅವನ್ನು ಒತ್ತಿದರೆ ಟ್ಯೂಬ್ ಮಾತ್ರ ಕಳಚಿಕೊಳ್ಳುತ್ತದೆ, ಮಾಸ್ಕ್ ಮುಖದಲ್ಲೇ ಉಳಿಯುತ್ತದೆ. ಅದನ್ನು ಬೆರಳಿಗೆ ರೂಢಿ ಮಾಡಿಸಿದ ವಾರದಿಂದ ಲೆಕ್ಕ ಐದು ಗಂಟೆ ದಾಟಿತು. ನಮ್ಮ ಯಂತ್ರ ಒಂದು ದಿನವನ್ನು ಮಧ್ಯಾಹ್ನ 12ರಿಂದ ಮರುದಿನ ಮಧ್ಯಾಹ್ನ 12ರವರೆಗೆ ಎಣಿಸಿ, ನಡುವೆ ತುಂಡುತುಂಡಾಗಿ ಬಳಸಿದ್ದನ್ನೂ ಕೂಡಿಸುತ್ತದೆ. ಊಟದ ನಂತರದ ಸಣ್ಣ ನಿದ್ದೆಗೂ ಮಾಸ್ಕ್ ಹಾಕಿಕೊಂಡರೆ ಅದು ಅಂದಿನ ರಾತ್ರಿಯ ಖಾತೆಗೇ ಜಮೆಯಾಗುತ್ತದೆ.

ವೈದ್ಯರ ಮರುಭೇಟಿಗೆ ಯಂತ್ರ ಮನೆಗೆ ಬಂದ ದಿನವೇ ಸಮಯ ಗೊತ್ತುಮಾಡಿಕೊಳ್ಳಿ. ನಿದ್ರಾ ತಜ್ಞರು ಎರಡು ಮೂರು ತಿಂಗಳಿಗೆ ಮೊದಲು ಸಿಗದ ಊರುಗಳಲ್ಲಿ, 60ನೇ ದಿನ ನೆನಪಾಗಿ ಫೋನ್ ಮಾಡಿದವರಿಗೆ 91ನೇ ದಿನದೊಳಗೆ ಜಾಗ ಸಿಗುವುದಿಲ್ಲ. 31ನೇ ದಿನಕ್ಕಿಂತ ಮುಂಚಿನ ಭೇಟಿ ಲೆಕ್ಕಕ್ಕಿಲ್ಲ ಎಂಬುದೂ ನೆನಪಿರಲಿ.

ಗಡುವು ತಪ್ಪಿದರೆ ಎಲ್ಲ ಮುಗಿದಂತೆಯೇ?

ಮುಗಿದಂತೆ ಅಲ್ಲ, ಆದರೆ ದಾರಿ ಸುತ್ತು. ನಾಲ್ಕು ಗಂಟೆಯ ಲೆಕ್ಕ ಮುಟ್ಟದೆ ಹೋಗಿದ್ದರೆ, ಯಂತ್ರ ಏಕೆ ಒಗ್ಗಲಿಲ್ಲ ಎಂಬುದನ್ನು ವೈದ್ಯರು ಮುಖತಃ ನೋಡಿ ಬರೆಯಬೇಕು, ನಿದ್ರಾ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು, ಮತ್ತು ಈ ಸಲದ ಪರೀಕ್ಷೆ ಪ್ರಯೋಗಾಲಯದಲ್ಲೇ ಆಗಬೇಕು. ಆದ್ದರಿಂದ ಒಗ್ಗದ ಲಕ್ಷಣ ಎರಡನೇ ವಾರದಲ್ಲಿ ಕಂಡರೂ ಸಪ್ಲೈಯರ್‌ಗೂ ವೈದ್ಯರಿಗೂ ಆಗಲೇ ತಿಳಿಸಿ.

ಮಾಸ್ಕ್ ಹೊಂದುತ್ತಿಲ್ಲ. ಬದಲಿಸಿಕೊಡುತ್ತಾರೆಯೇ?

ಅನೇಕ ಸಪ್ಲೈಯರ್‌ಗಳು ಮೊದಲ 30 ದಿನಗಳಲ್ಲಿ ಬದಲಿಸಿಕೊಡುತ್ತಾರೆ. ಆ ದಿನಗಳನ್ನು ಸಂಕೋಚದಲ್ಲಿ ಕಳೆಯಬೇಡಿ. ಬಾಯಿ ತೆರೆದು ಮಲಗುವವರಿಗೆ ಮೂಗಿನ ಮಾಸ್ಕ್ ಕೊಟ್ಟರೆ ಗಾಳಿಯೆಲ್ಲ ಬಾಯಿಂದ ಹೊರಟು ಬೆಳಿಗ್ಗೆ ನಾಲಿಗೆ ಒಣಗಿರುತ್ತದೆ. ಅಂಥವರಿಗೆ ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಬೇಕಾಗಬಹುದು. ಸೋರಿಕೆಯೆಂದು ಪಟ್ಟಿಯನ್ನು ಬಿಗಿ ಮಾಡುತ್ತ ಹೋದರೆ ಮೂಗಿನ ಸೇತುವೆ ಹುಣ್ಣಾಗುತ್ತದೆ, ಸೋರಿಕೆ ಹಾಗೇ ಇರುತ್ತದೆ. ಬಿಗಿತಕ್ಕಿಂತ ಅಳತೆಯನ್ನು ಮೊದಲು ಅನುಮಾನಿಸಿ. ಕೆಲವು ಮಾಸ್ಕ್‌ಗಳ ಕೊಂಡಿಗಳಲ್ಲಿ ಅಯಸ್ಕಾಂತವಿದೆ. ಪೇಸ್‌ಮೇಕರ್ ಅಥವಾ ದೇಹದೊಳಗೆ ಬೇರೆ ಲೋಹದ ಸಾಧನ ಇರುವವರು, ಅಥವಾ ಅವರ ಪಕ್ಕದಲ್ಲಿ ಮಲಗುವವರಿಗೆ ಅದು ಇದ್ದರೆ, ಅಯಸ್ಕಾಂತವಿಲ್ಲದ್ದನ್ನೇ ಕೇಳಬೇಕು.

ಬಿಡಿಭಾಗಗಳು ಎಷ್ಟು ದಿನಕ್ಕೊಮ್ಮೆ ಸಿಗುತ್ತವೆ?

ಮೆಡಿಕೇರ್‌ನ ಮಿತಿಯಲ್ಲಿ ಮಾಸ್ಕಿನ ಚೌಕಟ್ಟು ಮತ್ತು ಟ್ಯೂಬ್ 3 ತಿಂಗಳಿಗೊಂದು, ಮೂಗಿನ ಮಾಸ್ಕಿನ ಮೆತ್ತೆ ತಿಂಗಳಿಗೆ 2, ಪೂರ್ಣ ಮಾಸ್ಕಿನ ಮೆತ್ತೆ ತಿಂಗಳಿಗೆ 1, ಎಸೆಯುವ ಫಿಲ್ಟರ್ ತಿಂಗಳಿಗೆ 2, ತಲೆಪಟ್ಟಿ ಮತ್ತು ಹ್ಯೂಮಿಡಿಫೈಯರ್‌ನ ನೀರಿನ ಡಬ್ಬಿ 6 ತಿಂಗಳಿಗೊಂದು. ಇವು ಗರಿಷ್ಠ ಮಿತಿಗಳು; ಹಳೆಯದು ಚೆನ್ನಾಗಿದ್ದರೆ ಹೊಸದನ್ನು ತರಿಸಲೇಬೇಕೆಂದಿಲ್ಲ, ಏಕೆಂದರೆ ಪ್ರತಿಯೊಂದರಲ್ಲೂ ನಿಮ್ಮ ಪಾಲು ಇದೆ. ಸಪ್ಲೈಯರ್ ನಿಮ್ಮನ್ನು ಕೇಳದೆ ತಾನಾಗಿ ಕಳಿಸುತ್ತ ಹೋಗುವಂತಿಲ್ಲ. ಪ್ರತಿ ಸಲವೂ ಬೇಕೇ ಎಂದು ಕೇಳಬೇಕು. ಕೇಳದೆ ಬಂದ ಪೆಟ್ಟಿಗೆಯನ್ನು ತೆರೆಯುವ ಮೊದಲು ಫೋನ್ ಮಾಡಿ.

ವಿಮೆ ನಿರಾಕರಿಸಿದೆ. ಈಗೇನು?

ಪತ್ರದಲ್ಲಿರುವ ಕಾರಣವನ್ನು ಅಕ್ಷರ ಬಿಡದೆ ಓದಿ. ‘ವೈದ್ಯಕೀಯವಾಗಿ ಅಗತ್ಯವಿಲ್ಲ’ ಎಂಬ ಭಾರವಾದ ವಾಕ್ಯದ ಹಿಂದೆ ಎಷ್ಟೋ ಸಲ ತೀರ ಸಣ್ಣ ಕಾರಣವಿರುತ್ತದೆ: ಪರೀಕ್ಷೆಗೆ ಮುಂಚಿನ ಭೇಟಿಯ ಟಿಪ್ಪಣಿ ತಲುಪಿಲ್ಲ, ಮುಂಗಡ ಅನುಮೋದನೆ ಪಡೆದಿಲ್ಲ, ಬಳಕೆಯ ವರದಿ ಕಳಿಸಿಲ್ಲ, ದಿನಾಂಕಗಳು ಹಿಂದುಮುಂದಾಗಿವೆ. ಇಂಥದ್ದಕ್ಕೆ ಮೇಲ್ಮನವಿಗಿಂತ ಮೊದಲು ಆ ಕಾಗದ ಸಾಕು. ನಿಮ್ಮ ವೈದ್ಯಕೀಯ ದಾಖಲೆಗಳ ಪ್ರತಿಯನ್ನು ಪಡೆಯುವ ಹಕ್ಕನ್ನು 1996ರ ಹಿಪಾ ಕಾನೂನಿನಡಿಯ ನಿಯಮಗಳು ಕೊಟ್ಟಿವೆ. ಕೇಳಿದ 30 ದಿನಗಳೊಳಗೆ ಅವರು ಸಾಮಾನ್ಯವಾಗಿ ಕೊಡಬೇಕು. ಆದ್ದರಿಂದ ಮೊದಲ ಭೇಟಿಯ ಟಿಪ್ಪಣಿ, ನಿದ್ರಾ ಪರೀಕ್ಷೆಯ ಪೂರ್ತಿ ವರದಿ, ಆದೇಶ, ಯಂತ್ರ ತಲುಪಿದ ರಸೀದಿ, ಮರುಭೇಟಿಯ ಟಿಪ್ಪಣಿ, ಬಳಕೆಯ ವರದಿ ಇವಿಷ್ಟೂ ನಿಮ್ಮ ಮನೆಯ ಒಂದು ಕಡತದಲ್ಲಿ ಇರಲಿ.

ಕಾಗದ ಕಳಿಸಿದರೂ ಒಪ್ಪದಿದ್ದರೆ ಮೇಲ್ಮನವಿ. ಹೆಚ್ಚಿನ ಖಾಸಗಿ ವಿಮೆಗಳಲ್ಲಿ ನಿರಾಕರಣೆ ತಿಳಿದ 180 ದಿನಗಳೊಳಗೆ ಕಂಪನಿಗೇ ಮೇಲ್ಮನವಿ ಸಲ್ಲಿಸಬಹುದು. ಅಲ್ಲೂ ಸೋತರೆ 4 ತಿಂಗಳೊಳಗೆ ಹೊರಗಿನ ಸ್ವತಂತ್ರ ಪರಿಶೀಲನೆಯನ್ನು ಕೇಳಬಹುದು. ಸರ್ಕಾರವೇ ನೇರವಾಗಿ ನಡೆಸುವ ಮೂಲ ಮೆಡಿಕೇರ್‌ನಲ್ಲಿ ಮೊದಲ ಹಂತದ ಗಡುವು 120 ದಿನ, ಒಟ್ಟು ಹಂತಗಳು ಐದು. ಪ್ರತಿ ಫೋನ್ ಕರೆಯ ದಿನಾಂಕ, ಮಾತಾಡಿದವರ ಹೆಸರು ಮತ್ತು ಅವರು ಕೊಟ್ಟ ಸಂಖ್ಯೆಯನ್ನು ಬರೆದಿಡಿ. ‘ಹಿಂದಿನ ಸಲ ಮಾತಾಡಿದಾಗ ಹೀಗೆ ಹೇಳಿದ್ದಿರಿ’ ಎನ್ನುವುದಕ್ಕಿಂತ ತಾರೀಖು ಹೇಳಿದರೆ ಆ ಕಡೆಯ ದನಿಯೇ ಬದಲಾಗುತ್ತದೆ.

ನಡುವೆ ವಿಮೆ ಬದಲಾದರೆ?

ಖಾಸಗಿ ವಿಮೆಯಿಂದ ಮೆಡಿಕೇರ್‌ಗೆ ಬರುವವರು ಹೊಸ ಪರೀಕ್ಷಾ ಅವಧಿಯನ್ನು ಕಳೆಯಬೇಕಿಲ್ಲ. ಮೆಡಿಕೇರ್‌ನ ಮಿತಿಗೆ ಹೊಂದುವ ಹಳೆಯ ನಿದ್ರಾ ಪರೀಕ್ಷೆಯ ವರದಿ, ಮತ್ತು ಸೇರಿದ ನಂತರ ‘ಇವರು ಇನ್ನೂ ಯಂತ್ರ ಬಳಸುತ್ತಿದ್ದಾರೆ’ ಎಂದು ವೈದ್ಯರು ಬರೆದ ಭೇಟಿಯ ಟಿಪ್ಪಣಿ ಬೇಕು. ಹತ್ತು ವರ್ಷದ ಹಿಂದಿನ ವರದಿಯನ್ನು, ಮುಚ್ಚಿಹೋದ ಕ್ಲಿನಿಕ್‌ನಿಂದ ಆಗ ಹುಡುಕುವುದು ಎಷ್ಟು ಕಷ್ಟವೆಂದು ಊಹಿಸಿಕೊಳ್ಳಿ. ಒಂದು ಖಾಸಗಿ ವಿಮೆಯಿಂದ ಇನ್ನೊಂದಕ್ಕೆ ಹೋಗುವಾಗ ಹೊಸ ಕಂಪನಿ ಹೊಸದಾಗಿ ಅನುಮೋದನೆ ಕೇಳಬಹುದು, ಬಾಡಿಗೆಯ ಎಣಿಕೆಯನ್ನೂ ಮೊದಲಿನಿಂದ ಶುರು ಮಾಡಬಹುದು.

ವಿಮೆಯ ಗೋಜೇ ಬೇಡ, ಕೈಯಿಂದ ಕೊಳ್ಳುತ್ತೇನೆ ಎಂದರೆ?

ಕೊಳ್ಳಬಹುದು, ವೈದ್ಯರ ಆದೇಶ ಆಗಲೂ ಬೇಕು. ಡಿಡಕ್ಟಿಬಲ್ ದೊಡ್ಡದಿರುವ ಪಾಲಿಸಿಯಲ್ಲಿ 10 ಅಥವಾ 13 ತಿಂಗಳ ಬಾಡಿಗೆಯನ್ನು ಹೇಗೂ ನಾವೇ ಕಟ್ಟುವಂತಾದಾಗ, ನೇರ ಖರೀದಿ ಅಗ್ಗವಾಗಿ ಬೀಳುವುದುಂಟು. ನಾಲ್ಕು ಗಂಟೆಯ ಲೆಕ್ಕವನ್ನು ಯಾರಿಗೂ ಒಪ್ಪಿಸಬೇಕಿಲ್ಲ ಎಂಬ ನೆಮ್ಮದಿಯೂ ಇದೆ. ಎಚ್‌ಎಸ್‌ಎ ಅಥವಾ ಎಫ್‌ಎಸ್‌ಎ (ವೈದ್ಯಕೀಯ ಖರ್ಚಿಗೆಂದು ತೆರಿಗೆಯಿಲ್ಲದೆ ಕೂಡಿಡುವ) ಖಾತೆಯ ಹಣವನ್ನು ಇದಕ್ಕೆ ಬಳಸಬಹುದು. ಕೂಡಿ ಕಳೆದು ನೋಡಿ ನಿರ್ಧರಿಸಿ.

ಯಂತ್ರ ಹಳೆಯದಾದರೆ, ಅಥವಾ ಕಂಪನಿಯೇ ಹಿಂದಕ್ಕೆ ಕರೆದರೆ?

ಮೆಡಿಕೇರ್ ಯಂತ್ರದ ಆಯಸ್ಸನ್ನು 5 ವರ್ಷ ಎಂದು ಹಿಡಿದಿದೆ. ಅದು ಕಳೆದ ಮೇಲೆ ಹೊಸದಕ್ಕೆ ವೈದ್ಯರ ಭೇಟಿ ಬೇಕು, ಆದರೆ ಹೊಸ ನಿದ್ರಾ ಪರೀಕ್ಷೆಯಾಗಲಿ 12 ವಾರದ ಅವಧಿಯಾಗಲಿ ಬೇಡ. ಕಂಪನಿ ಹಿಂದಕ್ಕೆ ಕರೆಯುವುದು ಅಪರೂಪವೇನಲ್ಲ. 2021ರ ಜೂನ್‌ನಲ್ಲಿ ಫಿಲಿಪ್ಸ್ ತನ್ನ ಲಕ್ಷಾಂತರ ಯಂತ್ರಗಳನ್ನು, ಒಳಗಿನ ಶಬ್ದ ತಡೆಯುವ ಫೋಮ್ ಪುಡಿಯಾಗುವ ಸಾಧ್ಯತೆಯ ಕಾರಣಕ್ಕೆ ಹಿಂದಕ್ಕೆ ಕರೆಯಿತು. ಆಗ ಯಂತ್ರದ ಸೀರಿಯಲ್ ಸಂಖ್ಯೆಯನ್ನು ನೋಂದಾಯಿಸಬೇಕಾಗಿತ್ತು. ಆ ಸಂಖ್ಯೆಯನ್ನು ಯಂತ್ರದ ತಳದಿಂದ ಫೋಟೊ ತೆಗೆದು ಇಟ್ಟುಕೊಳ್ಳಿ, ತಯಾರಕರಲ್ಲಿ ಮೊದಲೇ ನೋಂದಾಯಿಸಿಕೊಳ್ಳಿ.

ವಿಮಾನದಲ್ಲಿ ಒಯ್ಯುವುದು ಹೇಗೆ?

ಅಮೆರಿಕದ ವಿಮಾನಗಳಲ್ಲಿ ಸಿಪ್ಯಾಪ್ ಕೈಚೀಲದ ಲೆಕ್ಕಕ್ಕೆ ಸೇರುವುದಿಲ್ಲ. ಅದು ವೈದ್ಯಕೀಯ ಸಾಧನ. ಚೆಕ್-ಇನ್ ಲಗೇಜಿಗೆ ಹಾಕಬೇಡಿ. ಬಿಡಿ ಲಿಥಿಯಂ ಬ್ಯಾಟರಿಯನ್ನೂ ಕೈಯಲ್ಲೇ ಒಯ್ಯಬೇಕು. 100 ವ್ಯಾಟ್-ಗಂಟೆಗಿಂತ ದೊಡ್ಡದಿದ್ದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, 160 ದಾಟಿದ್ದನ್ನು ಒಯ್ಯುವಂತಿಲ್ಲ. ಪ್ರವಾಸಕ್ಕೆಂದೇ ಇರುವ ಪುಟ್ಟ ಯಂತ್ರ ಬೇಕೆಂದರೆ ಸಾಮಾನ್ಯವಾಗಿ ವಿಮೆ ಕೊಡುವುದಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ಅದು ಎರಡನೇ ಯಂತ್ರ. ಪರೀಕ್ಷಾ ಅವಧಿಯಲ್ಲಿ ಪ್ರಯಾಣ ಬಂದರೆ ವಿಮೆ ಕೊಟ್ಟ ಯಂತ್ರವನ್ನೇ ಒಯ್ಯಿರಿ, ಬೇರೆ ಯಂತ್ರದಲ್ಲಿ ಮಲಗಿದ ಗಂಟೆಗಳು ಅದರ ವರದಿಯಲ್ಲಿ ಕಾಣುವುದಿಲ್ಲ. ಹೊರಡುವ ಮುನ್ನ ಹ್ಯೂಮಿಡಿಫೈಯರ್‌ನ ಡಬ್ಬಿಯ ನೀರನ್ನು ಪೂರ್ತಿ ಚೆಲ್ಲಿ ಒಣಗಿಸಿ. ನೀರಿದ್ದಾಗ ಯಂತ್ರ ಮಗುಚಿದರೆ ಅದು ಮೋಟಾರಿನೊಳಗೆ ಇಳಿಯುತ್ತದೆ.